ಕಡಲೆ ಬಣ್ಣದ ಮನೆಗಾಡಿ

ಮೇಸ್ತ್ರಿಗಳಿಗೆ ಕಿವಿ ಕೇಳುವುದಿಲ್ಲ ಎಂದು ಬೀದಿಯವರೆಲ್ಲ ಹೇಳುತ್ತಿದ್ದರು. ಆ ಮಾತು ಮೇಸ್ತ್ರಿಗಳ ಕಿವಿಗೆ ಬೀಳದೆ ಇದ್ದುದರಿಂದ ಅವರು ಅದನ್ನು ಎಂದೂ ಅಲ್ಲಗಳೆದಿರಲಿಲ್ಲ.

ಅವರು ತಮ್ಮ ಆಯುಸ್ಸಿನ ಒಳ್ಳೆಯ ಭಾಗವನ್ನೆಲ್ಲ ಬಟ್ಟೆ ಗಿರಣಿಯಲ್ಲಿ, ಮಗ್ಗಗಳ ನಡುವೆ, ಮೇಸ್ತ್ರಿಯಾಗಿ ಕಳೆದವರು. ನೂರಾರು ಮಗ್ಗಗಳು ಒಟ್ಟಿಗೆ ಬಡಿದುಕೊಳ್ಳುವ ಆ ಜಾಗದಲ್ಲಿ ದೇವರೇ ಬಂದು ಹೆಸರು ಹಿಡಿದು ಕರೆದರೂ ಕೇಳಿಸದು. ಅಲ್ಲಿ ದುಡಿಯುವವರು ಒಬ್ಬರ ತುಟಿಯನ್ನು ಇನ್ನೊಬ್ಬರು ನೋಡಿಯೇ ಮಾತು ತಿಳಿಯಬೇಕು. ಮೇಸ್ತ್ರಿಗಳು ಈ ವಿದ್ಯೆಯಲ್ಲಿ ಪಳಗಿದ್ದರು. ಹಾಗೆಂದು ಅವರು ತಿಳಿದಿದ್ದರು. ಈ ಎರಡು ವಾಕ್ಯಗಳ ನಡುವೆ ಇರುವ ಅಂತರವೇ ಈ ಕಥೆ.

"ನನಗೆ ಕಿವಿ ಯಾಕ್ರೀ? ಎದುರಿಗೆ ತುಟಿ ಇದ್ರೆ ಸಾಕು. ಕಿವಿ ಮೋಸ ಮಾಡ್ಬಹುದು, ತುಟಿ ಮಾಡೋದಿಲ್ಲ," ಎಂದು ಅವರು ಎದೆ ತಟ್ಟಿಕೊಂಡು ಹೇಳುತ್ತಿದ್ದರು.

ಒಮ್ಮೆ ಎದುರು ಮನೆಯಾಕೆ ತಮ್ಮ ಮಹಡಿಯ ಮೇಲಿನಿಂದ, "ಮಳೆ ಬಂತು! ಮಳೆ ಬಂತು!" ಎಂದು ಕೈ ಬೀಸಿ ಕೂಗಿದರು. ತುಟಿಗಳು ಮಾತ್ರ ಕಾಣುವವನಿಗೆ 'ಮ'ಕಾರವೂ ಒಂದೇ, 'ಬ'ಕಾರವೂ ಒಂದೇ. ಮೇಸ್ತ್ರಿಗಳು ಕತ್ತೆತ್ತಿ, "ಬಳೆ ಬಂತಾ? ಬಹಳ ಸಂತೋಷ! ಕೈ ತುಂಬ ಹಾಕ್ಕೊಳ್ಳಿ ತಾಯಿ!" ಎಂದು ಹರಸಿ ನಿಂತರು. ಹಗ್ಗದ ಮೇಲಿದ್ದ ಬಟ್ಟೆಗಳೆಲ್ಲ ಅವರ ಕಣ್ಣೆದುರಿಗೇ ನೆನೆದು ತೊಪ್ಪೆಯಾದವು. ಒಳಗಿನಿಂದ ಹೆಂಡತಿ ಓಡಿಬಂದು, ನಗು ತಡೆಯಲಾರದೆ ಗೋಡೆ ಹಿಡಿದುಕೊಂಡು, ಅವರ ಮಣಿಕಟ್ಟನ್ನು ಎರಡು ಸಲ ತಟ್ಟಿ, "ಮಳೆ ರೀ, ಮಳೆ," ಎಂದು ಬಿಡಿಸಿ ಹೇಳಿದಳು. ಯಾರು ಏನು ಹೇಳಿದರೂ ಹಾಗೆ ಮಣಿಕಟ್ಟು ತಟ್ಟಿ ಇನ್ನೊಮ್ಮೆ ಹೇಳುವುದು ಅವಳ ರೂಢಿ. ನಿಜವಾಗಿ ನೋಡಿದರೆ ಮೇಸ್ತ್ರಿಗಳ ಕಿವಿ ಕೆಟ್ಟಿರಲಿಲ್ಲ. ಅದು ಹೆಂಡತಿಯ ತಲೆಯಲ್ಲಿತ್ತು, ಅಷ್ಟೆ.

ಅವರಿಗೆ ಇನ್ನೊಂದು ಗುಣವೂ ಇತ್ತು. ಯಾವ ಕೆಲಸವನ್ನೇ ಆಗಲಿ, ಕೊನೆಯಿಂದ ಆರಂಭಿಸುವುದು. ಮನೆಗೆ ಬೀಗ ಹಾಕಿ ಬೀದಿಯ ಕೊನೆ ಮುಟ್ಟಿದ ಮೇಲೆ ಚೀಲ ಒಳಗಿದೆಯೆಂಬುದು ನೆನಪಾಗುತ್ತಿತ್ತು. ಒಮ್ಮೆ ಕಿಟಕಿಗೆ ಬಣ್ಣ ಬಳಿದಾಗ ಧೂಳು, ಜೇಡರ ಬಲೆ, ಬಲೆಯೊಳಗಿದ್ದ ಜೇಡ, ಈ ಎಲ್ಲಕ್ಕೂ ಭೇದವಿಲ್ಲದೆ ಬಳಿದಿದ್ದರು. ಕಿಟಕಿ ಅಂದು ಮುಚ್ಚಿಕೊಂಡದ್ದು ಮತ್ತೆ ತೆರೆಯಲಿಲ್ಲ.

"ಮೊದಲು ಒರೆಸೋಕೆ ಏನಾಗಿತ್ತು ನಿಮಗೆ?" ಎಂದು ಹೆಂಡತಿ ಕೇಳಿದರೆ, "ಬಣ್ಣ ಬಿದ್ಮೇಲೆ ಎಲ್ಲಾ ಮುಚ್ಕೊಳ್ಳುತ್ತೆ ಬಿಡೇ," ಎಂದಿದ್ದರು.

ಗಿರಣಿಯಿಂದ ನಿವೃತ್ತರಾದಾಗ ಮೇಸ್ತ್ರಿಗಳು ಒಂದು ಮನೆಗಾಡಿ ಕೊಂಡರು. ಊರೂರು ಸುತ್ತಿ ಹಲ್ಲು ಕೀಳುತ್ತಿದ್ದ ವೈದ್ಯನೊಬ್ಬ ಅದರಲ್ಲೇ ಉಂಡು, ಅದರಲ್ಲೇ ಮಲಗಿ, ಕಡೆಗೆ ತನ್ನ ಹಲ್ಲೇ ಉದುರಿದ ಮೇಲೆ ಮಾರಿದ ಗಾಡಿ ಅದು. ಮುಂದೆ ಎರಡು ಸೀಟು. ಹಿಂದೆ ಒಂದು ಮಂಚ, ಒಂದು ಒಲೆ, ಕೈ ತೊಳೆಯುವ ತೊಟ್ಟಿ, ಮಡಚಿಡುವ ಮೇಜು. ಮೈಯೆಲ್ಲ ಅಲ್ಯುಮಿನಿಯಂ ತಗಡು, ಮೇಲೆ ಅದೇ ತಗಡಿನ ಸೂರು. ಸೂರಿನ ನಡುವೆ ಗಾಳಿಯಾಡಲು ಮುಚ್ಚಳವಿರುವ ಒಂದು ಕಿಂಡಿ. ವೈದ್ಯ ಮಾರುವ ಮುಂಚೆ ಹೊರಗೆಲ್ಲ ತೆಳ್ಳಗೆ ಬಿಳಿ ಬಳಿಸಿದ್ದ. ಈಗ ಅದೂ ಬಿಸಿಲಿಗೆ ಸುಟ್ಟು, ಕೈಯಿಟ್ಟರೆ ಅಂಗೈಗೆ ಸುಣ್ಣದ ಪುಡಿಯಂತೆ ಮೆತ್ತಿಕೊಳ್ಳುತ್ತಿತ್ತು.

ಅದರಲ್ಲಿ ಕುಳಿತು ಕಡಲು ನೋಡಲು ಹೋಗಬೇಕು ಎಂಬುದು ಗಂಡಹೆಂಡಿರ ಯೋಚನೆ. ಹೊರಡಬೇಕೆಂದ ದಿನಗಳಲ್ಲೆಲ್ಲ ಗಾಡಿ ಕೆಮ್ಮಿತು, ಇಲ್ಲವೇ ಇವರು ಕೆಮ್ಮಿದರು. ಹೆಂಡತಿ ಕಿಟಕಿಗಳಿಗೆಲ್ಲ ಸಣ್ಣ ಹೂವಿನ ಪರದೆ ಹೊಲಿದು ಹಾಕಿದಳು. ಮಧ್ಯಾಹ್ನದ ಕೆಲಸ ಮುಗಿದ ಮೇಲೆ ಇಬ್ಬರೂ ಹೋಗಿ ಮುಂದಿನ ಸೀಟುಗಳಲ್ಲಿ ಕೂರುವರು. ಮೇಸ್ತ್ರಿಗಳು ಸ್ಟೀರಿಂಗ್ ಹಿಡಿಯುವರು. ಗಾಡಿ ಕಾಂಪೌಂಡಿನೊಳಗೇ ನಿಂತಿರುವುದು.

"ಎಲ್ಲಿಗೆ ಬಂದ್ವಿ ರೀ?" ಎಂದು ಅವಳು ಮಣಿಕಟ್ಟು ತಟ್ಟಿ ಕೇಳುವಳು.

"ಇನ್ನೇನು, ಕಡಲು ಕಾಣ್ಸುತ್ತೆ."

"ನನಗೆ ಎದುರು ಮನೆಯವರ ಲಂಗ ಒಣಗ್ತಿರೋದು ಕಾಣ್ತಿದೆ."

"ಅದನ್ನೇ ಹಾಯಿ ಅಂದ್ಕೋ."

ಹೀಗೆ ಅವರು ಬಹಳ ದೂರ ಹೋಗಿದ್ದರು. ತೊಂದರೆ ಇದ್ದುದು ಸೂರಿನದು. ಕಿಂಡಿಯ ಸುತ್ತಲಿನ ಅಂಟು ಒಣಗಿ ಬಿರಿದು, ಮಳೆ ಬಂದರೆ ಮಂಚದ ಮೇಲೆ ಸೋರುತ್ತಿತ್ತು. ಅವಳು ಅಲ್ಲೊಂದು ಪಾತ್ರೆ ಇಟ್ಟಿದ್ದಳು. "ಸೂರು ನೋಡ್ರೀ," ಎಂದಾಗಲೆಲ್ಲ ಮೇಸ್ತ್ರಿಗಳು ಬೇರೆ ಕಡೆ ನೋಡುತ್ತಿದ್ದರು. ತುಟಿ ನೋಡದಿದ್ದರೆ ಮಾತು ತಲುಪುವುದಿಲ್ಲವೆಂಬುದು ಕಿವುಡರಿಗೆ ದೇವರು ಕೊಟ್ಟ ಸಣ್ಣ ಅನುಕೂಲ.

ಆಮೇಲೆ ಅವಳು ಹಾಸಿಗೆ ಹಿಡಿದಳು.

ಆಸ್ಪತ್ರೆಯಲ್ಲಿ ಅವಳ ಮೂಗುಬಾಯಿಗೆ ಗಾಳಿಯ ಮುಸುಕು ಹಾಕಿದ್ದರು. ಮೇಸ್ತ್ರಿಗಳಿಗೆ ಅವಳ ತುಟಿ ಕಾಣುತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ಹೆಂಡತಿ ಹೇಳುವುದು ಅವರಿಗೆ ತಿಳಿಯದಾಯಿತು. ಅವಳಿಗೆ ಗೆಲುವಾಗಲಿ ಎಂದು ಅವರು ಒಂದು ದಿನ ಮಂಚದ ಪಕ್ಕ ನಿಂತು, "ಭಾನುವಾರ ಗಾಡಿಗೆ ಬಣ್ಣ ಶುರು ಮಾಡ್ತೀನಿ! ನೀನು ಮನೆಗೆ ಬರೋ ಹೊತ್ತಿಗೆ ಮದುವಣಗಿತ್ತಿ ಥರ ನಿಂತಿರುತ್ತೆ! ಯಾವ ಬಣ್ಣ ಹೇಳು!" ಎಂದು ಕೂಗಿದರು. ಕಿವುಡರ ಪಿಸುಮಾತೇ ಕೂಗು. ಇನ್ನು ಕೂಗಿದರೆ ಕೇಳಬೇಕೇ? ಆ ಕೋಣೆಯಲ್ಲಿ ಕಣ್ಣು ಮುಚ್ಚಿದ್ದವರೆಲ್ಲ ಕಣ್ಣು ಬಿಟ್ಟರು.

ಅವಳೂ ಬಿಟ್ಟಳು. ಮುಸುಕಿನೊಳಗೆ ಏನೇನೋ ಹೇಳತೊಡಗಿದಳು. ಒಳಗೆಲ್ಲ ಆವಿ ಕಟ್ಟಿತು. ಗಂಡನ ಮುಖ ನೋಡಿ, ತಲುಪಲಿಲ್ಲವೆಂದು ತಿಳಿದು, ಬೆರಳಿನಿಂದ ತಾನೇ ಮುಸುಕನ್ನು ಕೆಳಕ್ಕೆ ಜಾರಿಸಿ, ಎರಡೇ ಮಾತು ಹೇಳಿದಳು. ಅಷ್ಟರಲ್ಲಿ ನರ್ಸ್ ಬಂದು ಮುಸುಕನ್ನು ಮೇಲಕ್ಕೆಳೆದಳು.

ಮೇಸ್ತ್ರಿಗಳು ಕಂಡದ್ದು ಸ್ಪಷ್ಟವಾಗಿತ್ತು. *ಕಡಲೆ ಬಣ್ಣ.*

"ಆಯ್ತು!" ಎಂದು ಅವರು ಹೆಬ್ಬೆರಳೆತ್ತಿ ತೋರಿಸಿದರು. ಅವಳು ಸ್ವಲ್ಪ ಹೊತ್ತು ಅವರನ್ನೇ ನೋಡಿದಳು. ಆ ನೋಟ, ಕಿಟಕಿಗೆ ಬಣ್ಣ ಬಳಿದ ದಿನ ನೋಡಿದ ನೋಟದ ಹಾಗೇ ಇತ್ತು. ಆಮೇಲೆ ಕಣ್ಣು ಮುಚ್ಚಿದಳು. ಮತ್ತೆ ಮಾತಾಡಲಿಲ್ಲ. ಭಾನುವಾರ ಬರುವ ಮೊದಲೇ ದೇವರು ಅವಳನ್ನು ಕರೆದುಕೊಂಡ.

ಕೆಲವು ವಾರ ಮೇಸ್ತ್ರಿಗಳು ಮಣಿಕಟ್ಟು ನೋಡಿಕೊಂಡು ಕುಳಿತರು. ಒಂದು ಬೆಳಿಗ್ಗೆ ಎದ್ದು, "ಗಾಡಿಗೆ ಬಣ್ಣ ಬಳೀತೀನಿ," ಎಂದರು. ಹೆಂಡತಿಯ ತಂಗಿ ಆಗ ಅದೇ ಮನೆಯಲ್ಲಿದ್ದಳು. ಅಕ್ಕನ ಕಾಯಿಲೆಗೆಂದು ಬಂದವಳು, ಭಾವನನ್ನು ಒಬ್ಬರನ್ನೇ ಬಿಟ್ಟರೆ ಹಾಲು ಉಕ್ಕಿದ ಮೇಲೆ ಒಲೆ ಹಚ್ಚಿಯಾರು ಎಂದು ಉಳಿದಿದ್ದಳು. ವಯಸ್ಸು ಐವತ್ತು ದಾಟಿದರೂ ಎಲ್ಲರಿಗೂ ಅವಳು ಪುಟ್ಟಿಯೇ.

"ಯಾವ ಬಣ್ಣ ಭಾವ?" ಎಂದು ಪುಟ್ಟಿ ಅವರೆದುರು ಬಂದು ನಿಂತು ಕೇಳಿದಳು.

"ನಿಮ್ಮಕ್ಕ ಹೇಳಿದ ಬಣ್ಣ. ಕಡಲೆ ಬಣ್ಣ."

"ಏನಂದ್ರಿ?"

"ಕಡಲೆ! ಅವಳ ಕೊನೇ ಮಾತು. ಈ ಕಣ್ಣಾರೆ ಕೇಳಿದೀನಿ."

ಪುಟ್ಟಿ ಸೊಂಟಕ್ಕೆ ಕೈಯಿಟ್ಟಳು. "ಭಾವ, ನಮ್ಮಕ್ಕ ಕಡಲೆ ತಿಂದ್ರೆ ಹೊಟ್ಟೆ ಉಬ್ಬರಿಸುತ್ತೆ ಅಂತ ಕಾಳಿನ ಡಬ್ಬೀನ ದೂರ ಇಡ್ತಿದ್ಲು. ಸಾಯೋವಾಗ ಯಾರಾದ್ರೂ ಕಡಲೆ ನೆನಸ್ಕೋತಾರಾ? ಅವಳು ಅಂದಿದ್ದು ಕಡಲ ಬಣ್ಣ. ಕಡಲು! ಸಮುದ್ರ! ನೀಲಿ! ಜೀವಮಾನವೆಲ್ಲ ತೋರಿಸ್ತೀನಿ ತೋರಿಸ್ತೀನಿ ಅಂದು ತೋರಿಸಲಿಲ್ವಲ್ಲ, ಅದನ್ನೇ ಹೇಳಿ ಹೋಗಿದಾಳೆ."

ಈ ಮಾತು ಮಾತ್ರ ಮೇಸ್ತ್ರಿಗಳಿಗೆ ಒಂದಕ್ಷರ ಬಿಡದೆ ಕೇಳಿಸಿತು. ಮುಖ ಸಪ್ಪಗಾಯಿತು. ಆದರೆ ತುಟಿಯ ವಿದ್ಯೆಯನ್ನು ಬಿಟ್ಟುಕೊಟ್ಟರೆ ಅವಳ ಕೊನೆಯ ಮಾತು ತಮಗೆ ತಿಳಿಯಲೇ ಇಲ್ಲವೆಂದು ಒಪ್ಪಿದಂತಾಗುತ್ತದೆ. ಅದೊಂದನ್ನು ಅವರು ಒಪ್ಪಲಾರರು. "ತುಟಿ ಮೋಸ ಮಾಡೋದಿಲ್ಲ ಪುಟ್ಟಿ," ಎಂದರು.

ಇಬ್ಬರೂ ನ್ಯಾಯ ಕೇಳಲು ಆಸ್ಪತ್ರೆಗೇ ಹೋದರು. ನರ್ಸ್ ಪಾಪ, ಒಂದು ಕೈಯಲ್ಲಿ ಸೂಜಿ, ಇನ್ನೊಂದರಲ್ಲಿ ಹತ್ತಿ ಹಿಡಿದು ನಿಂತು ಕೇಳಿಸಿಕೊಂಡಳು. "ಬಣ್ಣ ಅಂದಿದ್ದು ನಿಜ. ಅದಕ್ಕೆ ಮುಂಚೆ ಕಡ… ಅಂತ ಏನೋ ಅಂದ್ರು," ಎಂದಳು.

"ನೋಡಿದ್ಯಾ!" ಎಂದರು ಮೇಸ್ತ್ರಿಗಳು.

"ನೋಡಿದ್ರಾ!" ಎಂದಳು ಪುಟ್ಟಿ. ಇಬ್ಬರೂ ಗೆದ್ದು ಮನೆಗೆ ಬಂದರು.

ವಿಷಯ ಪಕ್ಕದ ಮನೆಯ ಹೆಡ್‌ಮಾಸ್ತರರಿಗೆ ತಲುಪಿತು. ಅವರು ನಿವೃತ್ತರಾಗಿ ಬಹಳ ಕಾಲವಾಗಿದ್ದರೂ ವ್ಯಾಕರಣ ಅವರಿಂದ ನಿವೃತ್ತವಾಗಿರಲಿಲ್ಲ. ಬೇಲಿಯ ಮೇಲೆ ಬಗ್ಗಿ ತೀರ್ಪು ಕೊಟ್ಟರು: "ಕಡಲ ಬಣ್ಣ ಅಂದರೆ ಷಷ್ಠೀ ವಿಭಕ್ತಿ. ಕಡಲೆ ಬಣ್ಣ ಅಂದರೆ ಸಮಾಸ. ಪ್ರಾಣ ಹೋಗೋ ಹೊತ್ತಿನಲ್ಲಿ ಮನುಷ್ಯರು ಸಮಾಸ ಮಾಡೋದಿಲ್ಲ ಮೇಸ್ತ್ರಿಗಳೇ. ಅಷ್ಟು ಉಸಿರು ಇರೋದಿಲ್ಲ."

"ನಮ್ಮವಳು ಗಟ್ಟಿಗಿತ್ತಿ," ಎಂದರು ಮೇಸ್ತ್ರಿಗಳು. "ಏನು ಬೇಕಾದ್ರೂ ಮಾಡ್ತಿದ್ಲು."

ಈ ಚರ್ಚೆ ಇನ್ನೂ ಎಷ್ಟು ಕಾಲ ನಡೆಯುತ್ತಿತ್ತೋ, ನಗರಸಭೆಯ ಅಧಿಕಾರಿ ಬಂದು ಅದಕ್ಕೆ ಗಡುವು ಹಾಕಿದರು. ಬೂಸಲು ಹಿಡಿದ ಗಾಡಿಯಿಂದ ಬೀದಿಯ ಅಂದ ಕೆಡುತ್ತಿದೆ ಎಂದು ಎದುರು ಮನೆಯಾಕೆ ಎಂದೋ ಕೊಟ್ಟಿದ್ದ ದೂರು ಈಗ ಕಾಲು ಮೂಡಿ ನಡೆದುಬಂದಿತ್ತು. ದೂರು ಕೊಟ್ಟ ಆಕೆಗೇ ಈಗ ಅದಕ್ಕಾಗಿ ನಾಚಿಕೆಯಾಗಿ ಬಾಗಿಲ ಹಿಂದೆ ನಿಂತಿದ್ದರು.

ಆ ಅಧಿಕಾರಿಯ ಮೀಸೆ ತುಟಿಯ ಮೇಲೆ ಸೂರಿನ ಹಾಗೆ ಇಳಿದಿತ್ತು. ಒಳಗೆ ತುಟಿ ಇದೆಯೆಂಬುದನ್ನು ನಂಬಿಕೆಯ ಮೇಲೆ ಒಪ್ಪಬೇಕು.

"ಇದು ಮನೆಯೋ, ಗಾಡಿಯೋ?" ಎಂದು ಅವರು ಗದರಿದರು.

ಮೇಸ್ತ್ರಿಗಳಿಗೆ ಏನೂ ತಿಳಿಯಲಿಲ್ಲ. ಆದರೆ ಆ ವಾರಗಳಲ್ಲಿ ಮನೆ ಬಾಗಿಲಿಗೆ ಬಂದವರೆಲ್ಲ ಕೇಳಿದ್ದು ಒಂದೇ ವಿಷಯ. ಆದ್ದರಿಂದ ಅವರು ತಲೆ ತಗ್ಗಿಸಿ, "ಒಂದು ತಿಂಗಳು ಮಲಗಿದ್ಲು ಸ್ವಾಮಿ. ಆಮೇಲೆ ಹೋಗ್ಬಿಟ್ಲು," ಎಂದರು.

ಅಧಿಕಾರಿ ಟೋಪಿ ತೆಗೆದರು. ಮೊದಲಿಗಿಂತ ಮೆಲ್ಲಗೆ, "ಅಲ್ಲ, ಇದನ್ನ ಮನೆ ಅಂತ ಇಟ್ಕೊಳ್ಳೋದೋ, ಗಾಡಿ ಅಂತಲೋ?" ಎಂದರು.

"ಎಲ್ಲಾ ದೇವರ ಇಚ್ಛೆ," ಎಂದರು ಮೇಸ್ತ್ರಿಗಳು.

ಕಡೆಗೆ ಹೆಡ್‌ಮಾಸ್ತರರು ನಡುವೆ ಬಂದು ದುಭಾಷಿಯಾದರು. ಚಕ್ರ ಇರುವುದರಿಂದ ಗಾಡಿ, ಪರದೆ ಇರುವುದರಿಂದ ಮನೆ ಎಂದು ವಿವರಿಸಿದರು. ಅಧಿಕಾರಿಗೆ ತಲೆ ಸುತ್ತಿತು. "ಏನಾದ್ರೂ ಆಗ್ಲಿ, ನೋಡೋ ಹಾಗಿರ್ಲಿ. ಮುಂದಿನ ವಾರ ಬರ್ತೀನಿ. ಅಷ್ಟರಲ್ಲಿ ಸರಿ ಕಾಣ್ಬೇಕು. ಇಲ್ಲಾಂದ್ರೆ ಎಳೆಸಿ ಗುಜರಿಗೆ ಹಾಕಿಸ್ತೀನಿ," ಎಂದು ಹೇಳಿ ಹೋದರು. ಹೆಡ್‌ಮಾಸ್ತರರು ಅದನ್ನು ತುಟಿ ಬಿಡಿಸಿ ಬಿಡಿಸಿ ಹೇಳಿದರು. ಮೇಸ್ತ್ರಿಗಳು ಗಾಡಿಯ ಕಡೆ ನೋಡಿದರು. ಹೂವಿನ ಪರದೆಗಳು ಕಿಟಕಿಯಲ್ಲಿ ಸುಮ್ಮನೆ ನೇತಾಡುತ್ತಿದ್ದವು. ಅವಳ ಹೊಲಿಗೆ ಗುಜರಿಯ ಪಾಲಾಗುವುದನ್ನು ಅವರಿಂದ ಯೋಚಿಸಲೂ ಆಗಲಿಲ್ಲ.

ಅಂದೇ ಬಣ್ಣದ ಅಂಗಡಿಗೆ ಹೋದರು. "ಕಡಲೆ ಬಣ್ಣ ಕೊಡಪ್ಪ."

"ಯಾವ ಕಡಲೆ?" ಎಂದ ಅಂಗಡಿಯವನು.

ಮೇಸ್ತ್ರಿಗಳು ಬಾಯಿ ಬಿಟ್ಟರು. ಜಗತ್ತಿನಲ್ಲಿ ಕಡಲೆ ಒಂದೇ ಎಂದು ಅವರು ತಿಳಿದಿದ್ದರು.

"ಹಸಿ ಕಡಲೆ ಆದ್ರೆ ಹಸಿರು. ಬೇಳೆ ಆದ್ರೆ ಹಳದಿ. ಹುರಿದಿದ್ದಾದ್ರೆ ತಿಳಿ ಕೆನೆ. ಕಡಲೆಕಾಯಿ ಅಂದ್ರೆ ಸಿಪ್ಪೆನೋ ಬೀಜನೋ? ಬೀಜ ಅಂದ್ರೆ ಮೇಲಿನ ಕೆಂಪು ಸಿಪ್ಪೆ ಇಟ್ಟೋ, ಬಿಟ್ಟೋ?"

ಮೇಸ್ತ್ರಿಗಳು ಮನೆಗೆ ಬಂದು ಅಡುಗೆ ಕೋಣೆಗೆ ಹೋದರು. ಹೆಂಡತಿಯ ಡಬ್ಬಿಗಳು ಅವಳು ಇಟ್ಟ ಸಾಲಿನಲ್ಲೇ ಇದ್ದವು. ಅವುಗಳ ಮುಚ್ಚಳವನ್ನು ಅವರು ತಮ್ಮ ಕೈಯಾರೆ ತೆಗೆದದ್ದು ಅದೇ ಮೊದಲು. ಒಂದೊಂದನ್ನೇ ತೆಗೆದು ನೋಡಿ, ಮುಚ್ಚಿ, ಹಿಂದಿನ ಜಾಗದಲ್ಲೇ ಇಟ್ಟರು. ಎಲ್ಲಕ್ಕಿಂತ ಹಿಂದೆ, ಮೂಲೆಯಲ್ಲಿ, ಕಂದು ಕಡಲೆಕಾಳಿನ ಡಬ್ಬಿ ಸಿಕ್ಕಿತು. ಒಂದು ಹಿಡಿ ತೆಗೆದುಕೊಂಡು, ಮುಷ್ಟಿ ಬಿಚ್ಚದೆ ಅಂಗಡಿಗೆ ನಡೆದು, ಮೇಜಿನ ಮೇಲೆ ಸುರಿದರು. "ಇದು. ಅವಳ ಹತ್ರ ಇದ್ದಿದ್ದು ಇದೊಂದೇ."

ಅಂಗಡಿಯವನು ಒಂದು ಕಾಳನ್ನು ಕಣ್ಣ ಹತ್ತಿರ ಹಿಡಿದು ಬಣ್ಣ ಬೆರೆಸತೊಡಗಿದ. ಮೇಜಿನ ಕೆಳಗೆ ಬಗ್ಗಿಕೊಂಡೇ, "ತಗಡನ್ನ ತೊಳೆದು ಉಜ್ಜಿದೀರಾ? ಅಲ್ಯುಮಿನಿಯಂಗೆ ಅಂತಲೇ ಬೇರೆ ಪ್ರೈಮರ್ ಬರುತ್ತೆ, ಅದನ್ನ ಬಳೀದೆ ಬಣ್ಣ ನಿಲ್ಲಲ್ಲ. ಕೊಡ್ಲಾ?" ಎಂದು ಕೇಳಿದ. ಅವನ ತುಟಿ ಮೇಜಿನ ಕೆಳಗಿತ್ತು. ಏನೋ ಕೇಳಿದನೆಂದು ಮಾತ್ರ ಮೇಸ್ತ್ರಿಗಳಿಗೆ ತಿಳಿಯಿತು.

"ಹೋದ ತಿಂಗಳು ಕಣಪ್ಪ," ಎಂದರು. "ನೋವು ಅಷ್ಟೇನೂ ಇರ್ಲಿಲ್ಲ ಅಂತಾರೆ."

ಬಗ್ಗಿದ್ದವನು ಎದ್ದು ನಿಂತು ಅವರ ಮುಖ ನೋಡಿದ. ಮತ್ತೆ ಪ್ರೈಮರಿನ ಮಾತೆತ್ತಲು ಅವನಿಗೆ ಬಾಯಿ ಬರಲಿಲ್ಲ.

ಮೇಸ್ತ್ರಿಗಳು ಗಾಡಿಗೆ ಬಣ್ಣ ಬಳಿದರು. ತೊಳೆಯಲಿಲ್ಲ, ಉಜ್ಜಲಿಲ್ಲ. ಬೂಸಲು, ಹಕ್ಕಿಯ ಹಿಕ್ಕೆ, ಸುಣ್ಣದಂಥ ಪುಡಿ, ಎಲ್ಲದರ ಮೇಲೂ ಎಡದಿಂದ ಬಲಕ್ಕೆ ಧಾರಾಳವಾಗಿ ಬಳಿದರು. ಏಣಿ ಹತ್ತಿ ಸೂರಿಗೂ ಬಳಿದರು. ಕಿಂಡಿಯ ಸುತ್ತ ಬಿರಿದ ಅಂಟಿನ ಮೇಲೆ ಎರಡು ಕೈ ಹೆಚ್ಚಾಗಿಯೇ ಬಳಿದು, "ಮುಚ್ಕೊಳ್ತು ನೋಡು," ಎಂದು ಯಾರಿಗೋ ಹೇಳಿದರು.

ಕಬ್ಬಿಣದ ಕಡಲೆಯ ಮಾತನ್ನು ಕೇಳಿದ್ದ ಆ ಬೀದಿ, ಅಲ್ಯುಮಿನಿಯಂ ಕಡಲೆಯನ್ನು ಅಂದು ಕಣ್ಣಾರೆ ಕಂಡಿತು. ಎದುರು ಮನೆಯಾಕೆ ಮಹಡಿಯ ಮೇಲಿನಿಂದ ನೋಡಿ, ಮೂಗಿನವರೆಗೆ ಸೆರಗು ತಂದುಕೊಂಡು, "ಮೊದಲಿನ ಬೂಸಲೇ ಚೆನ್ನಾಗಿತ್ತಲ್ರೀ," ಎಂದರು. ಹೆಡ್‌ಮಾಸ್ತರರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಮತ್ತೆ ತೆಗೆದರು. ಕನ್ನಡಕ ಇಲ್ಲದೆ ನೋಡುವುದೇ ವಾಸಿ ಎಂದು ಅವರಿಗೆ ತೋರಿರಬೇಕು. ಪುಟ್ಟಿ ನೋಡಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮೇಸ್ತ್ರಿಗಳಿಗೂ ಅದು ಚಂದ ಕಾಣಲಿಲ್ಲ. ಆದರೂ ಒದ್ದೆ ಬಣ್ಣದ ಎದುರು ಕೈಕಟ್ಟಿ ನಿಂತು, "ನೀನು ಹೇಳಿದ್ದನ್ನ ಮಾಡಿದೀನಿ," ಎಂದುಕೊಂಡರು. ಎಷ್ಟೋ ದಿನಗಳ ಮೇಲೆ ಅಂದು ಹೊಟ್ಟೆತುಂಬ ಉಂಡರು.

ಅಧಿಕಾರಿ ಬರಬೇಕಾದ ದಿನ ಬೆಳಿಗ್ಗೆಯೇ ಮಳೆ ಹಿಡಿಯಿತು. ಮಳೆಯೆಂದರೆ ಅಂತಿಂಥ ಮಳೆಯಲ್ಲ. ಬಣ್ಣ ಮೊದಲು ಹಪ್ಪಳದಂತೆ ಉಬ್ಬಿತು, ಆಮೇಲೆ ಅಂಗೈಯಗಲದ ಪದರಗಳಾಗಿ ಕಳಚಿತು. ಬರೀ ತಾನು ಬರಲಿಲ್ಲ, ಹಳೆಯ ಬಿಳಿಯನ್ನೂ ಜೊತೆಗೆ ಕರೆದುಕೊಂಡು ಬಂತು. ಮನುಷ್ಯರ ಬಣ್ಣ ಬಯಲಾಗುವುದನ್ನು ಆ ಬೀದಿ ಕಂಡಿತ್ತು. ಗಾಡಿಯದು ಇದೇ ಮೊದಲು. ಕಳಚಿದ ಕಡೆ ಅಡಿಯಿಂದ ಕೆಂಪಗೆ ಏನೋ ಮೂಡಿತು. ಮೊದಲು ಒಂದು ತುಟಿ. ಆಮೇಲೆ ಇನ್ನೊಂದು ತುಟಿ. ಮಳೆ ಸ್ವಲ್ಪ ತಗ್ಗುವ ಹೊತ್ತಿಗೆ ಗಾಡಿಯ ಒಂದು ಮಗ್ಗುಲಿನ ತುಂಬ, ಆಳೆತ್ತರದ ಬಾಯೊಂದು ಮೂವತ್ತೆರಡು ಹಲ್ಲೂ ಕಿಸಿದು ಬೀದಿಯನ್ನು ನೋಡಿ ನಗುತ್ತಿತ್ತು. ಹಲ್ಲಿನ ವೈದ್ಯ ತನ್ನ ಕಾಲದಲ್ಲಿ ಬರೆಸಿದ್ದ ಜಾಹೀರಾತು ಅದು.

ಕೊಡೆ ಹಿಡಿದು ಜನ ಸೇರಿದರು. ಕಡಲೆಯ ಬಣ್ಣ, ಅದರ ನಡುವೆ ಹಲ್ಲು! ಎಲ್ಲರ ನಾಲಿಗೆಯ ತುದಿಗೂ ಒಂದೇ ಗಾದೆ ಬಂದು ನಿಂತಿತು. ಹೆಂಡತಿ ಸತ್ತ ಮನುಷ್ಯನ ಮುಂದೆ ಆಡಬಾರದೆಂದು ಯಾರೂ ಆಡಲಿಲ್ಲ. ಹೆಡ್‌ಮಾಸ್ತರರಿಗೆ ಮಾತ್ರ ಅದನ್ನು ನುಂಗಲು ಬಹಳ ಕಷ್ಟವಾಗಿ ಕೆಮ್ಮು ಬಂತು.

ಮೇಸ್ತ್ರಿಗಳು ಕೊಡೆಯಿಲ್ಲದೆ ಮಳೆಯಲ್ಲಿ ನಿಂತಿದ್ದರು. ಅಷ್ಟು ದೊಡ್ಡ ತುಟಿಗಳು ಎದುರಿಗಿದ್ದವು. ಅವು ಏನನ್ನೂ ಹೇಳುತ್ತಿರಲಿಲ್ಲ.

ಅಷ್ಟರಲ್ಲಿ ಪುಟ್ಟಿ ಮನೆಯಿಂದ ಓಡಿಬಂದು ಗಾಡಿಯೊಳಗೆ ನುಗ್ಗಿದಳು. ಒಳಗೆ ಕಿಂಡಿಯಿಂದ ನೀರು ಧಾರೆಯಾಗಿ ಸುರಿಯುತ್ತಿತ್ತು. ಪಾತ್ರೆ ತುಂಬಿ ಹರಿದು ಮಂಚವೆಲ್ಲ ಕೆರೆಯಾಗಿತ್ತು. ಪರದೆಗಳು ನೆನೆದು ಗೋಡೆಗೆ ಅಂಟಿದ್ದವು. ಅವಳು ಅವನ್ನು ಒಂದೊಂದಾಗಿ ಕಳಚಿ ಎದೆಗವಚಿಕೊಂಡು, ಕಿಟಕಿಯ ಗಾಜಿನ ಹಿಂದೆ ನಿಂತು, ಅಳುತ್ತ, ಹೊರಗಿದ್ದ ಭಾವನ ಕಡೆ ತಿರುಗಿ ಬೈಯತೊಡಗಿದಳು. ತಗಡಿನ ಸೂರಿನ ಮೇಲೆ ಮಳೆ ಬಡಿಯುವ ಸದ್ದಿಗೆ ಬೀದಿಯವರಿಗೇ ಏನೂ ಕೇಳಿಸಲಿಲ್ಲ. ಥೇಟು ಗಿರಣಿಯ ಮಗ್ಗಗಳ ಸದ್ದು. ಮೇಸ್ತ್ರಿಗಳಿಗೆ ಅವಳ ತುಟಿ ಮಾತ್ರ ಕಂಡಿತು. ಅಕ್ಕತಂಗಿಯರ ಬಾಯಿ ಒಂದೇ ಅಚ್ಚಿನದು ಎಂಬುದನ್ನು ಅವರು ಅಂದಿನವರೆಗೆ ಗಮನಿಸಿರಲಿಲ್ಲ. ಒದ್ದೆ ಗಾಜು, ಒಳಗೆ ಆವಿ, ಅದರ ಹಿಂದೆ ಅದೇ ತುಟಿ. ಉದ್ದಕ್ಕೆ ಏನೇನೋ ಹೇಳಿದವಳು ಕೊನೆಯಲ್ಲಿ, ಅಂದು ಆಸ್ಪತ್ರೆಯಲ್ಲಿ ಕಂಡಂತೆಯೇ, ಒಂದು ಗೆರೆಯೂ ಹೆಚ್ಚುಕಡಿಮೆಯಿಲ್ಲದೆ, ಆ ಎರಡು ಮಾತು ಹೇಳಿದಳು.

ಮೇಸ್ತ್ರಿಗಳು ಚಪ್ಪಾಳೆ ತಟ್ಟಿದರು. "ನೋಡಿದ್ರಾ! ಎಲ್ಲರೂ ನೋಡಿದ್ರಾ! ಈಗ ಇವಳ ಬಾಯಲ್ಲೇ ಬಂತು! ಕಡಲೆ ಬಣ್ಣ!" ಎಂದು ಕೂಗುತ್ತ ಗಾಡಿಯ ಬಾಗಿಲಿಗೆ ಓಡಿದರು. "ಒಪ್ಕೊಂಡ್ಯಾ ಪುಟ್ಟಿ? ಇನ್ನೊಂದ್ಸಲ ಹೇಳು!"

ಪುಟ್ಟಿ ಒದ್ದೆ ಪರದೆಗಳ ಮೇಲಿನಿಂದ ಅವರನ್ನು ದಿಟ್ಟಿಸಿದಳು. "ಯಾವ ಕಡಲೆ ಭಾವ? ನಾನೆಲ್ಲಿ ಕಡಲೆ ಅಂದೆ? ಮೊದಲು ಸೂರು ಸರಿಮಾಡ್ಬೇಕು, ಆಮೇಲೆ ತೊಳೀಬೇಕು, ಉಜ್ಜಬೇಕು, ಕಡೇಲಿ ಬಣ್ಣ ಅಂದೆ. ಕಡೇಲಿ! ಎಲ್ಲಾ ಆದ್ಮೇಲೆ! 'ಸೋರೋ ಸೂರಿಗೆ ಬಣ್ಣ ಬಳೀತಾರೆ ನಿಮ್ಮ ಭಾವ' ಅಂತ ಅಕ್ಕ ಅಂತಿದ್ದದ್ದು ಸುಳ್ಳಲ್ಲ."

ಮಳೆ ಬಡಿಯುತ್ತಿತ್ತು. ಮೇಸ್ತ್ರಿಗಳು ಬಾಗಿಲ ಮೆಟ್ಟಿಲ ಮೇಲೆ ಒಂದು ಕಾಲು, ನೆಲದ ಮೇಲೆ ಒಂದು ಕಾಲು ಇಟ್ಟು ನಿಂತುಬಿಟ್ಟರು.

"ಏನಂದೆ?"

ಪುಟ್ಟಿ ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ನಿಂತಿತು. ಅವಳಿಗೂ ಆಗ ಹೊಳೆಯಿತು. ಮುಂದೆ ಬಂದು, ಪರದೆಗಳನ್ನು ಒಂದು ಕೈಗೆ ಬದಲಿಸಿಕೊಂಡು, ಇನ್ನೊಂದು ಕೈಯಿಂದ ಭಾವನ ಮಣಿಕಟ್ಟನ್ನು ತಟ್ಟಿ, ಮೆಲ್ಲಗೆ, ಬಿಡಿಸಿ ಹೇಳಿದಳು: "ಕ-ಡೇ-ಲಿ… ಬಣ್ಣ."

ಮೇಸ್ತ್ರಿಗಳು ಒದ್ದೆ ಮಂಚದ ಮೇಲೆ ಕುಸಿದು ಕುಳಿತರು. ಮುಸುಕಿನೊಳಗೆ ಆವಿ ಕಟ್ಟಿದ್ದು ಅವರಿಗೆ ಕಣ್ಣಿಗೆ ಕಟ್ಟಿತು. ಸೂರು, ಅಂಟು, ಸೋಪು, ನೀರು, ಮಾಡಬೇಕಾದ ಕೆಲಸಗಳನ್ನೆಲ್ಲ ಅವಳು ಒಂದರ ಹಿಂದೊಂದು ಅದರೊಳಗೇ ಹೇಳಿ ಮುಗಿಸಿದ್ದಳು. ಹೊರಗೆ ಬಂದದ್ದು ಬಾಲ ಮಾತ್ರ. ಇವರು ಅದಕ್ಕೆ ಹೆಬ್ಬೆರಳೆತ್ತಿ ತೋರಿಸಿದ್ದರು.

"ಹಾಗಾದ್ರೆ ಅವಳು ಕಡಲೂ ಅನ್ಲಿಲ್ಲ," ಎಂದರು.

"ಇಲ್ಲ ಭಾವ," ಎಂದಳು ಪುಟ್ಟಿ. ಅವಳಿಗೆ ನಗುವೂ ಬರುತ್ತಿತ್ತು, ಅಳುವೂ ನಿಂತಿರಲಿಲ್ಲ. "ಬೈದು ಹೋಗಿದಾಳೆ, ಅಷ್ಟೇ."

"ಯಾವ ಬಣ್ಣ ಅಂತ ಹೇಳ್ಲೇ ಇಲ್ಲ?"

"ಇಲ್ಲ."

"ಸರಿ, ಕೇಳಿದ್ರಾಯ್ತು…" ಎಂದು ಮೇಸ್ತ್ರಿಗಳು ಅಭ್ಯಾಸಬಲದಿಂದ ಮನೆಯ ಕಡೆ ತಿರುಗಿದರು. ತಿರುಗಿದ ಕತ್ತು ಹಿಂದಕ್ಕೆ ಬರಲು ಬಹಳ ಹೊತ್ತು ಹಿಡಿಯಿತು.

ಮಧ್ಯಾಹ್ನ ಅಧಿಕಾರಿ ಬಂದರು. ಬಾಯಿ ಕಿಸಿದ ಗಾಡಿಯನ್ನು ನೋಡಿ ಅವರ ಮೀಸೆಯೂ ಸ್ವಲ್ಪ ಮೇಲಕ್ಕೆದ್ದು, ಒಳಗೆ ತುಟಿ ಇರುವುದು ಮೊದಲ ಸಲ ಸಾಬೀತಾಯಿತು. ಗಾಡಿಯೊಳಗೆ ಹಗ್ಗ ಕಟ್ಟಿ ಹರವಿದ್ದ ಪರದೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಎದುರು ಮನೆಯಾಕೆ ಮಳೆಯಲ್ಲೇ ಬೀದಿ ದಾಟಿ ಬಂದು, "ನನ್ನ ದೂರು ವಾಪಸ್ಸು ತಗೊಂಡಿದೀನಿ. ಏನೂ ಎಳೆಸ್ಬೇಡಿ," ಎಂದರು. ಅಧಿಕಾರಿ ಯಾರನ್ನೂ ಏನೂ ಕೇಳದೆ, "ಮನೆ ಅಂತಲೇ ಬರ್ಕೋತೀನಿ," ಎಂದು ಹೇಳಿ ಹೊರಟುಹೋದರು.

ಅಂದಿನಿಂದ ಮೇಸ್ತ್ರಿಗಳು ಕೆಲಸವನ್ನು ಮೊದಲಿನಿಂದ ಆರಂಭಿಸಿದರು. ಅವರ ಆಯುಸ್ಸಿನಲ್ಲಿ ಅದು ಹೊಸ ಸಂಗತಿ. ಏಣಿ ಹತ್ತಿ, ಸೂರಿನ ಮೇಲೆ ಮಂಡಿಯೂರಿ, ಕಿಂಡಿಯ ಸುತ್ತಲಿನ ಹಳೆಯ ಅಂಟನ್ನು ಚೂರುಚೂರಾಗಿ ಕೆರೆದು ತೆಗೆದರು. ಹೊಸ ಅಂಟು ತುಂಬಿದರು. ಅದು ಒಣಗಿದ ಮೇಲೆ ಸೂರಿಗೆಲ್ಲ ರಬ್ಬರಿನಂಥ ದಪ್ಪ ಬಿಳಿ ಬಳಿದು, ಒಣಗಲು ಬಿಟ್ಟು, ಅಡ್ಡಡ್ಡಲಾಗಿ ಇನ್ನೊಮ್ಮೆ ಬಳಿದರು. ಆಮೇಲೆ ಮೈ ತೊಳೆದರು. ಅಂಗೈಗೆ ಪುಡಿ ಮೆತ್ತದವರೆಗೂ ಉಜ್ಜಿದರು. ಆ ದೊಡ್ಡ ಬಾಯಿಯನ್ನು ಮರಳುಕಾಗದದಿಂದ ತಿಕ್ಕುವಾಗ ಹಲ್ಲುಗಳು ಸುಲಭವಾಗಿ ಹೋದವು. ತುಟಿಗಳ ಹತ್ತಿರ ಬಂದಾಗ ಕೈ ಸ್ವಲ್ಪ ನಿಧಾನವಾಯಿತು. ಅಂಗಡಿಯವನು ಈ ಸಲ ಮೇಜಿನ ಈಚೆ ಬಂದು, ಎದುರು ನಿಂತು, ಬಾಯಿ ಬಿಡಿಸಿ ಹೇಳಿ ಕೊಟ್ಟ ಪ್ರೈಮರನ್ನು ಬಳಿದರು. ಗಾಡಿ ಬೂದಿ ಬಣ್ಣವಾಗಿ ನಿಂತಿತು.

ಉಳಿದದ್ದು ಒಂದೇ. ಅದನ್ನು ಮಾತ್ರ ಮೇಸ್ತ್ರಿಗಳು ಮಾಡಲಿಲ್ಲ. ಮಾಡಿಬಿಟ್ಟರೆ ಅವಳು ಹೇಳಿಹೋದ ಕೆಲಸ ಮುಗಿದುಹೋಗುತ್ತದೆ. ಮುಗಿದ ಮೇಲೆ ಮತ್ತೇನು ಮಾಡಬೇಕೆಂದು ಕೇಳಲು ಯಾರಿದ್ದಾರೆ? ಆದ್ದರಿಂದ ಬಣ್ಣಕ್ಕೆ ಮುಂಚೆ ಮಾಡಬೇಕಾದ ಒಂದಲ್ಲ ಒಂದು ಸಣ್ಣ ಕೆಲಸ ಅವರಿಗೆ ಸಿಗುತ್ತಲೇ ಇತ್ತು. ಬಾಗಿಲ ಕೀಲು ಕಿರುಗುಟ್ಟಿತು. ಕಿಟಕಿಯ ರಬ್ಬರು ಸಡಿಲವಾಯಿತು. ಪುಟ್ಟಿ ಎಲ್ಲ ತಿಳಿದೂ, "ಅಲ್ಲೊಂದು ಸ್ಕ್ರೂ ಅಲ್ಲಾಡ್ತಿದೆ ಭಾವ," ಎಂದು ತಾನೇ ಹುಡುಕಿ ತೋರಿಸುತ್ತಿದ್ದಳು. ಪರದೆಗಳನ್ನು ಒಗೆದು, ಮಡಿಕೆ ಬೀಳದಂತೆ ಒಣಗಿಸಿ, ಮತ್ತೆ ಅವಳೇ ಹಾಕಿದಳು.

ಮತ್ತೊಂದು ದಿನ ಮಳೆ ಬಂತು. ಮೇಸ್ತ್ರಿಗಳು ಗಾಡಿಯಲ್ಲಿ ತಮ್ಮ ಸೀಟಿನಲ್ಲಿ ಕುಳಿತು ಅದು ಪೂರ್ತಿ ನಿಲ್ಲುವವರೆಗೂ ಕಾದರು. ಆಮೇಲೆ ಎದ್ದುಹೋಗಿ ಕಿಂಡಿಯ ಕೆಳಗೆ ಅವಳು ಇಟ್ಟಿದ್ದ ಪಾತ್ರೆಯಲ್ಲಿ ಕೈಯಾಡಿಸಿದರು. ಒಂದು ಹನಿ ಇರಲಿಲ್ಲ. ಪಾತ್ರೆಯನ್ನು ಅಲ್ಲೇ ಬಿಟ್ಟು, ಬಂದು ಸ್ಟೀರಿಂಗ್ ಹಿಡಿದು ಕುಳಿತರು.

ಹೆಡ್‌ಮಾಸ್ತರರು ಬೇಲಿಯ ಹತ್ತಿರ ಬಂದು, ಕಿಟಕಿಯ ಕಡೆ ಮುಖ ಮಾಡಿ, "ಬಣ್ಣ ಯಾವಾಗ ಮೇಸ್ತ್ರಿಗಳೇ?" ಎಂದು ತುಟಿ ಬಿಡಿಸಿ ಕೇಳಿದರು.

"ಕಡೇಲಿ," ಎಂದರು ಮೇಸ್ತ್ರಿಗಳು.

ಗಾಜು ಮುಚ್ಚಿತ್ತು. ಹೆಡ್‌ಮಾಸ್ತರರು ಕಣ್ಣು ಕಿರಿದು ಮಾಡಿ ಅವರ ತುಟಿಯನ್ನೇ ನೋಡಿ, ಒಂದು ಗಳಿಗೆ ಬೆಚ್ಚಿ, ಎದುರು ಮಹಡಿಯ ಕಡೆಗೆ ತಿರುಗಿ, "ಮತ್ತೆ ಕಡಲೆಯಂತೆ ಕಣ್ರೀ!" ಎಂದು ಕೂಗಿದರು. ಆ ಮನೆಯಿಂದ ಪಕ್ಕದ ಮನೆಗೆ, ಅಲ್ಲಿಂದ ಆಚೆ ಮನೆಗೆ, ಬೀದಿಯುದ್ದಕ್ಕೂ ಸುದ್ದಿ ಹೋಯಿತು: ಮತ್ತೆ ಕಡಲೆ, ಮತ್ತೆ ಕಡಲೆ.

ಮೇಸ್ತ್ರಿಗಳಿಗೆ ಅದೊಂದೂ ಕೇಳಿಸಲಿಲ್ಲ. ಬಿಸಿಲು ಬಿದ್ದಿತ್ತು. ಎದುರು ಮಹಡಿಯ ಹಗ್ಗದ ಮೇಲೆ ಲಂಗವೊಂದು ಗಾಳಿ ತುಂಬಿಕೊಂಡು ದೊಡ್ಡದಾಗಿ ಉಬ್ಬಿ ನಿಂತಿತ್ತು. ಅವರು ಸ್ಟೀರಿಂಗಿನ ಮೇಲಿಂದ ಒಂದು ಕೈ ತೆಗೆದು, ಮಣಿಕಟ್ಟು ಮೇಲೆ ಮಾಡಿ, ಪಕ್ಕದ ಖಾಲಿ ಸೀಟಿನ ಮೇಲೆ ಇಟ್ಟರು.

"ಇನ್ನೇನು," ಎಂದರು. "ಇನ್ನೇನು, ಕಾಣ್ಸುತ್ತೆ."